ಅವಳಿಗೆ ಹುಳಿ ಇಷ್ಟ

ಬಿಯರ್ ಬಗ್ಗೆ ಬರೀತಿದೀನಿ. ಕುಡೀರಿ ಅನ್ನೋ ಪೋಸ್ಟ್ ಅಲ್ಲ, ಕುಡಿಯೋರನ್ನ ಬೈಯೋ ಪೋಸ್ಟೂ ಅಲ್ಲ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಇದ್ದಾಗ ಓದಿ.

ನನ್ನ ಸಂಗಾತಿಯ ಆಫೀಸಲ್ಲಿ ಒಬ್ಬರು ಕೆಲಸ ಬಿಟ್ಟರು. ಬೀಳ್ಕೊಡುಗೆ ಊಟ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ. ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಮಾರೋ ಜಾಗ, ಗಾಜಿನಾಚೆ ದೊಡ್ಡ ದೊಡ್ಡ ಸ್ಟೀಲ್ ಡ್ರಮ್ಮುಗಳು ಕಾಣ್ತವೆ. ಆರ್ಡರ್ ಮಾಡೋ ಮುಂಚೆ ರುಚಿ ನೋಡ್ಲಿ ಅಂತ ಸಣ್ಣ ಸಣ್ಣ ಲೋಟದಲ್ಲಿ ನಾಲ್ಕೈದು ಥರದ್ದು ತಂದಿಟ್ಟಿದಾರೆ. ಜೀವಮಾನದಲ್ಲಿ ಹೆಂಡ ಮುಟ್ಟದ ಇವಳು ಒಂದೊಂದು ಗುಟುಕು ನೋಡಿದಾಳೆ. ಮನೆಗೆ ಬಂದವಳು ಬ್ಯಾಗ್ ಇಳಿಸೋ ಮುಂಚೆನೇ ಶುರು ಮಾಡಿದ್ಲು. "ಒಂದರಲ್ಲಿ ಬಾಳೆಹಣ್ಣಿನ ವಾಸನೆ ಬರ್ತಿತ್ತು ಕಣೋ, ಬಾಳೆಹಣ್ಣೇ ಹಾಕಿಲ್ವಂತೆ! ನೀನು ಮನೇಲಿ ಏನೇನೋ ಮಾಡ್ತಿರ್ತೀಯಲ್ಲ, ನಂಗೊಂದು ಬಿಯರ್ ಮಾಡ್ಕೊಡು. ಕಿಕ್ಕು ಬೇಡ. ರುಚಿ ಬೇಕು."

(ನಾವಿಬ್ಬರೂ ಸಂಘಟನೆಯಲ್ಲಿ ಪರಿಚಯ ಆದವರು. 'ರೀ' ಅನ್ನೋದನ್ನ ಮದುವೆ ದಿನವೇ ಬಿಟ್ವಿ. ಅತ್ತೆಗೆ ಇದು ಇವತ್ತಿಗೂ ಸರಿಬಂದಿಲ್ಲ.)

ಅವಳ ಬಾಯಲ್ಲಿ ಈ ಮಾತು ಬಂದದ್ದು ಸಣ್ಣ ಸಂಗತಿ ಅಲ್ಲ. ಅವಳನ್ನ ಕೇಳಿಯೇ ಬರೀತಿದೀನಿ. ಅವಳಪ್ಪ ಕವರ್ ಸಾರಾಯಿಗೆ ಹೋದವರು, ಆಗ ಅವಳು ಏಳನೇ ಕ್ಲಾಸು. ಸರ್ಕಾರ ಹರಾಜು ಹಾಕೋದು, ಗುತ್ತಿಗೆದಾರ ಕೇರಿ ಬಾಯಿಗೇ ಅಂಗಡಿ ಇಡೋದು, ಕೂಲಿ ದುಡ್ಡು ಮನೆ ಬಾಗಿಲಿಗೆ ಬರೋ ಮುಂಚೆ ಅಲ್ಲೇ ಇಳಿಯೋದು. ದಲಿತ ಸಂಘರ್ಷ ಸಮಿತಿಯವರು "ಹೆಂಡ ಬೇಡ, ವಸತಿ ಶಾಲೆ ಬೇಕು" ಅಂತ ಕೂಗಿದ್ದು ಸುಮ್ಮನೆ ಅಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆಮೇಲೆ ಅದೇ ಜಾಗಕ್ಕೆ 90 ಎಂ.ಎಲ್. ಪ್ಯಾಕೆಟ್ಟಿನ ಅಗ್ಗದ ವಿಸ್ಕಿ ಬಂದು ಕೂತ್ಕೊಂಡಿತು, ಅದು ಬೇರೆ ಮಾತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರಲ್ಲ, ಕೊನೇ ದಿನ ಇವಳೂ ರಜೆ ಹಾಕಿ ಜೊತೆ ನಡೆದಿದ್ದಳು. ಅಂಥವಳು ರುಚಿ ಬೇಕು ಅಂತಿದಾಳೆ.

ಸಂಗಾತಿಗಳಿಬ್ಬರ ಹತ್ರ ಈ ವಿಷಯ ಹೇಳಿದೆ. ಒಬ್ಬರು ನಕ್ಕರು. ಇನ್ನೊಬ್ಬರು ಮುಖ ಗಂಟು ಹಾಕಿ, "ಬಾಬಾಸಾಹೇಬರ ಫೋಟೋ ಇರೋ ಮನೇಲಿ ಬಿಯರ್ ಮಾತಾ ಅಣ್ಣ?" ಅಂದರು. ಪ್ರಶ್ನೆ ಸರಿಯಾಗಿಯೇ ಇದೆ. ಬಾಬಾಸಾಹೇಬರು ಕುಡಿತದಿಂದ ದೂರ ಇದ್ದವರು, 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಅನ್ನೋದೂ ಒಂದು. ಆ ಪ್ರತಿಜ್ಞೆ ತಗೊಂಡು ಹಾಗೇ ಬದುಕ್ತಿರೋರಿಗೆ ನಾನು ಕೈ ಮುಗೀತೀನಿ. ಆದ್ರೆ ಒಂದು ಮಾತು. ನಮ್ಮ ಗಂಡಸರು ಸಭೆ ಮುಗಿಸಿ ಡಾಬಾದಲ್ಲಿ ಕೂತಾಗ ಈ ಫೋಟೋ ಯಾರಿಗೂ ನೆನಪಾಗಲ್ಲ. ಒಬ್ಬ ಹೆಣ್ಣುಮಗಳು ಲೋಟದಲ್ಲಿ ಬಾಳೆಹಣ್ಣಿನ ವಾಸನೆ ಹುಡುಕಿದ ತಕ್ಷಣ ನೆನಪಾಗುತ್ತೆ.

ಇನ್ನು ಕಾನೂನು. ನಾನು ಗುಮಾಸ್ತ, ಕಾಗದ ಮೊದಲು ನೋಡೋದು ಅಭ್ಯಾಸ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಬಿಯರ್ ಕೂಡ ಮದ್ಯವೇ. ಬ್ರಿಟನ್ನಲ್ಲಿ 1963ರಲ್ಲಿ, ಅಮೆರಿಕದಲ್ಲಿ 1978ರಲ್ಲಿ ಕಾನೂನು ಬದಲಾಗಿ ಜನ ಮನೆಬಳಕೆಗೆ ಬಿಯರ್ ಮಾಡ್ಕೊಳ್ಳೋ ಹಾಗಾಯ್ತು. ಮಧ್ಯಪ್ರದೇಶ, ಛತ್ತೀಸಗಢದ ಆದಿವಾಸಿಗಳಿಗೂ ಮಿತಿಯೊಳಗೆ ಅವಕಾಶ ಇದೆ. ನಮ್ಮಲ್ಲಿ ದೊಡ್ಡ ಬಂಡವಾಳ ಹೂಡಿ ಸ್ಟೀಲ್ ಡ್ರಮ್ಮು ಇಟ್ಟೋನಿಗೆ ಲೈಸೆನ್ಸ್ ಸಿಗುತ್ತೆ, ಮಡಕೆಯಲ್ಲಿ ಮಾಡಿದವಳ ಮೇಲೆ ಕೇಸಾಗುತ್ತೆ. ಇದರ ಬಗ್ಗೆ ಜಗಳ ಆಡೋದಿದೆ, ಆದ್ರೆ ಅದನ್ನ ನನ್ನ ಅಡಿಗೆಮನೆಯಿಂದ ಶುರು ಮಾಡೋ ಆಸೆ ನನಗಿಲ್ಲ. ಹಾಗಾಗಿ ಕಿಕ್ಕು ಬೇಡ ಅನ್ನೋ ಅವಳ ಷರತ್ತು, ಲೈಸೆನ್ಸ್ ಬೇಕು ಅನ್ನೋ ಕಾನೂನು, ಎರಡೂ ಒಂದೇ ಕಡೆ ಬಂದು ನಿಂತವು. ಬಿಯರಿನ ರುಚಿ ಎಷ್ಟು ದೂರ ಬರುತ್ತೋ ಅಷ್ಟು ದೂರ ಹೋಗೋದು, ಆಲ್ಕೋಹಾಲ್ ಆಗೋ ಮುಂಚೆ ನಿಲ್ಲೋದು.

ಸರಿ, ಯಾವ ಬಿಯರು? ಓದ್ತಾ ಹೋದ್ರೆ ನೂರಾರು ಬಗೆ. ಅವಳು ಹೇಳಿದ ಬಾಳೆಹಣ್ಣಿನ ವಾಸನೆಯದು ಜರ್ಮನಿಯ ಹೆಫೆವೈಝೆನ್, ಗೋಧಿ ಬಿಯರು. ಆ ವಾಸನೆ, ಜೊತೆಗೆ ಲವಂಗದಂಥ ಇನ್ನೊಂದು ವಾಸನೆ, ಎರಡೂ ಯೀಸ್ಟ್ ಕೊಡೋದು. ಯೀಸ್ಟೇ ಸಕ್ಕರೆ ತಿಂದು ಆಲ್ಕೋಹಾಲ್ ಮಾಡೋದೂ. ಯೀಸ್ಟ್ ಬಿಟ್ರೆ ಬಾಳೆಹಣ್ಣೂ ಹೋಯ್ತು. ಹಾಗಾಗಿ ಅದು ಆಗಲ್ಲ. ಐಪಿಎ ಅಂತ ಇನ್ನೊಂದು, ಐಟಿ ಹುಡುಗರ ಮೆಚ್ಚಿನದು. ಹಾಪ್ಸ್ ಅನ್ನೋ ಹೂವಿನ ಕಹಿ ಅದರ ಜೀವಾಳ. ಕಹಿ ಅಳೆಯೋಕೆ ಐಬಿಯು ಅನ್ನೋ ಲೆಕ್ಕ ಇದೆ. ಗೋಧಿ ಬಿಯರು 10ರ ಆಸುಪಾಸಿದ್ರೆ ಐಪಿಎ 40ರಿಂದ 70. ಸ್ಟೌಟ್ ಅಂದ್ರೆ ಹುರಿದ ಬಾರ್ಲಿಯ ಕಪ್ಪು ಬಿಯರು, ಕಾಫಿ ಡಿಕಾಕ್ಷನ್ ಥರ.

ಇಷ್ಟು ಪಟ್ಟಿ ಇಟ್ಕೊಂಡು ಅವಳನ್ನ ಕೇಳಿದೆ. ನಿಂಗೆ ಯಾವ ರುಚಿ ಇಷ್ಟ?

"ನಂಗೇನು, ಏನಾದ್ರೂ ಆಗುತ್ತೆ."

ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಈ ಉತ್ತರ ಅವಳದೊಬ್ಬಳದ್ದಲ್ಲ. ನನ್ನ ಅವ್ವನೂ ಇದನ್ನೇ ಹೇಳ್ತಿದ್ದಳು, ಅಕ್ಕಂದಿರೂ ಇದನ್ನೇ ಹೇಳೋದು. ಪಾತ್ರೆ ತಳದಲ್ಲಿ ಉಳಿದದ್ದನ್ನ ಉಂಡು ಬೆಳೆದವರಿಗೆ 'ನಿಂಗೇನು ಇಷ್ಟ' ಅನ್ನೋ ಪ್ರಶ್ನೆ ಯಾರೂ ಹಾಕಿರಲ್ಲ. ಉಳಿದದ್ದರಲ್ಲಿ ಇಷ್ಟ ಏನು ಬಂತು? ನಮ್ಮ ಭಾಷಣಗಳಲ್ಲಿ ಭೂಮಿ ಇದೆ, ಮೀಸಲಾತಿ ಇದೆ, ಘನತೆ ಇದೆ. ನಾಲಿಗೆ ಇಲ್ಲ. ಮೂಲೆ ಮನೆ ಅಜ್ಜಿಗೆ ಸಾರಲ್ಲಿ ಏನು ಹೆಚ್ಚಿರಬೇಕು ಅಂತ ನಾವ್ಯಾರೂ ಸರ್ವೆ ಮಾಡಿಲ್ಲ.

ಅದಕ್ಕೆ ಬೇರೆ ಥರ ಕೇಳಿದೆ. ಕಹಿ? "ಬೇಡಪ್ಪ, ಜ್ವರದ ಕಷಾಯ ನೆನಪಾಗುತ್ತೆ." ಸುಟ್ಟ ವಾಸನೆ? ಕಾಫಿ ಸಾಕಂತೆ. ಸಿಹಿ? ಒಂದು ಗುಟುಕಿಗೆ ಸರಿ. ಹಾಗಾದ್ರೆ ಬೇಸಿಗೇಲಿ ಹೊಲದಿಂದ ಬಂದಾಗ ಏನು ಕುಡೀಬೇಕು ಅನ್ನಿಸ್ತಿತ್ತು? ಅವಳು ಯೋಚನೆ ಮಾಡಲೇ ಇಲ್ಲ. "ಅವ್ವನ ಅಂಬಲಿ. ರಾತ್ರಿದು. ಉಪ್ಪು ಹಾಕಿ, ಈರುಳ್ಳಿ ಕಡ್ಕೊಂಡು."

ಅವಳು ಶಿರಾ ಕಡೆಯವಳು. ರಾಗಿ ಗಂಜಿ ಮಡಕೆಯಲ್ಲಿ ರಾತ್ರಿ ಹುಳಿ ಬರಬೇಕು, ಬೆಳಿಗ್ಗೆ ತಂಗಳು ಮುದ್ದೆ ಅದಕ್ಕೆ ಕಿವುಚಿಕೊಂಡು ಕುಡೀಬೇಕು. ಆದ್ರೆ ಹಾಸ್ಟೆಲಿನಿಂದ ಪಿಜಿಗೆ ಬಂದ ವರ್ಷ ಬಾಟಲಿಯಲ್ಲಿ ಅಂಬಲಿ ತಗೊಂಡು ಹೋದಾಗ ರೂಮಿನ ಹುಡುಗಿಯೊಬ್ಬಳು ಕಿಟಕಿ ತೆಗೆದಳಂತೆ. ಏನೂ ಅನ್ನಲಿಲ್ಲ, ಬರೀ ಕಿಟಕಿ ತೆಗೆದಳು. ಅವತ್ತಿಂದ ಇವಳು ಮನೆ ಹೊರಗೆ ಅಂಬಲಿ ಕುಡಿದಿಲ್ಲ. ಇಪ್ಪತ್ತು ವರ್ಷ ಜೊತೇಲಿದ್ದು ನನಗೇ ಈ ಕಿಟಕಿ ವಿಷಯ ಮೊನ್ನೆ ಗೊತ್ತಾಗಿದ್ದು, ಅದೂ ಬಿಯರ್ ದೆಸೆಯಿಂದ.

ಹುಳಿ ಅಂತ ಗೊತ್ತಾದ ಮೇಲೆ ಹುಡುಕಾಟ ಸುಲಭ ಆಯ್ತು. ಹುಳಿ ಬಿಯರುಗಳದ್ದೇ ಒಂದು ಕುಲ ಇದೆ. ಬರ್ಲಿನರ್ ವೈಸೆ ಅಂತ ಒಂದು, ಗೋಸೆ ಅಂತ ಇನ್ನೊಂದು. ಗೋಸೆ ಬಗ್ಗೆ ಓದಿದಾಗ ನಗು ಬಂತು. ಜರ್ಮನಿಯ ಗೋಸ್ಲಾರ್ ಊರಲ್ಲಿ ಹುಟ್ಟಿ ಲೈಪ್ಜಿಗ್‌ನಲ್ಲಿ ಬೆಳೆದ ಬಿಯರು. ಗೋಧಿ, ಉಪ್ಪು, ಕೊತ್ತಂಬರಿ ಬೀಜ, ಮತ್ತೆ ಹುಳಿ. ಹುಳಿ ಮಾಡೋದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಅಂದ್ರೆ ಮೊಸರಿನದು ಮತ್ತು ಅಂಬಲಿ ಮಡಕೆಯದೇ ಬಳಗ. ಕಹಿ ತೀರಾ ಕಮ್ಮಿ. ಒಟ್ಟಲ್ಲಿ ಮಸಾಲೆ ಮಜ್ಜಿಗೆಯ ದೂರದ ನೆಂಟ. ಅದೇ ಹುಳಿ ವಾಸನೆಗೆ ಇವಳ ರೂಮಿನ ಕಿಟಕಿ ತೆರೆದದ್ದು. ಅದೇ ಹುಳಿ 'ಸಾರ್ ಬಿಯರ್' ಅಂತ ಹೆಸರಿಟ್ಕೊಂಡು ಬಂದ್ರೆ ಒಂದು ಲೋಟದ ಬೆಲೆಗೆ ನಮ್ಮನೆಯ ವಾರದ ತರಕಾರಿ ಬರುತ್ತೆ.

ಗೋಸೆಗೆ ಇನ್ನೊಂದು ಕಥೆ ಇದೆ, ಅದನ್ನ ಬಿಡೋಕೆ ಮನಸಿಲ್ಲ. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ ಕಾನೂನು ಮಾಡಿದರು. ಈಗ ಅದಕ್ಕೆ ಜನ 'ಶುದ್ಧತೆಯ ಕಾನೂನು' ಅಂತಾರೆ. ಶುದ್ಧತೆ ಅಂದ ಕೂಡಲೇ ನಮ್ಮ ಕಿವಿ ನಿಮಿರುತ್ತೆ, ಗೊತ್ತಲ್ಲ. ಗೋಧಿ ರೊಟ್ಟಿಗೆ ಉಳೀಲಿ ಅನ್ನೋದೂ ಅದಕ್ಕೊಂದು ಕಾರಣ ಅಂತಾರೆ. 1906ರ ಹೊತ್ತಿಗೆ ಅದು ಇಡೀ ಜರ್ಮನಿಗೆ ಹಬ್ಬಿತು. ಉಪ್ಪು ಕೊತ್ತಂಬರಿ ಹಾಕೋ ಗೋಸೆ ಆ ಲೆಕ್ಕದಲ್ಲಿ ಮೈಲಿಗೆ. ಸ್ಥಳೀಯ ಬಿಯರು ಅಂತ ವಿನಾಯಿತಿ ಸಿಕ್ಕಿ ಉಳ್ಕೊಂಡಿತು. 1966ರಲ್ಲಿ ತಯಾರಿಕೆ ಪೂರ್ತಿ ನಿಂತೂ ಹೋಗಿ, 80ರ ದಶಕದಲ್ಲಿ ಮತ್ತೆ ಎದ್ದು ಬಂತು.

ಈಗ ಮಾಡೋ ವಿಧಾನ. ಇವತ್ತು ತುಂಬಾ ಜನ ಬ್ರೂವರ್‌ಗಳು ಹುಳಿ ಬಿಯರನ್ನ ಎರಡು ಹಂತದಲ್ಲಿ ಮಾಡ್ತಾರೆ. ಮೊದಲು ಮಾಲ್ಟಿನ ಸಿಹಿ ನೀರನ್ನ ಬ್ಯಾಕ್ಟೀರಿಯಾದಿಂದ ಒಂದೆರಡು ದಿನ ಹುಳಿ ಬರಿಸಿ ಕುದಿಸಿಬಿಡ್ತಾರೆ, ಆಮೇಲೆ ಯೀಸ್ಟ್ ಹಾಕ್ತಾರೆ. ನಾನು ಮೊದಲನೇ ಹಂತ ಮುಗಿಸಿ ಒಲೆ ಆರಿಸೋನು, ಅಷ್ಟೇ.

ಬಾರ್ಲಿ ಮಾಲ್ಟ್ ಹುಡುಕೋಕೆ ಹೋಗಲಿಲ್ಲ. ಮಗುವಿಗೆ ಸರಿ ಹಿಟ್ಟು ಮಾಡೋ ಪ್ರತಿ ತಾಯಿಗೂ ಮಾಲ್ಟಿಂಗ್ ಗೊತ್ತು. ರಾಗಿ ನೆನೆಹಾಕಿ, ಬಟ್ಟೇಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ, ಒಣಗಿಸಿ ಬೀಸೋದು. ಇದಕ್ಕೆ ಮಾತ್ರ ಹುರೀಬಾರದು, ಹುರಿದ್ರೆ ಮೊಳಕೆಯೊಳಗಿನ ಕಿಣ್ವ ಸಾಯುತ್ತೆ. ನೇಪಾಳ, ಸಿಕ್ಕಿಂ ಕಡೆ ತೋಂಗ್ಬಾ ಮಾಡೋದು ಇದೇ ರಾಗಿಯಿಂದ, ಉಗಾಂಡದಲ್ಲೂ ರಾಗಿ ಬಿಯರ್ ಇದೆ. ನಾಲ್ಕು ಲೀಟರ್ ನೀರಿಗೆ 300 ಗ್ರಾಂ ಗೋಧಿ ನುಚ್ಚು ಹಾಕಿ ಗಂಜಿ ಬೇಯಿಸಿದೆ. ಅದು 65 ಡಿಗ್ರಿಗೆ ಇಳಿದಾಗ (ಥರ್ಮಾಮೀಟರ್ ತಗೊಂಡೆ, ಬೆರಳಿಟ್ಟು ನೋಡೋ ಬಿಸಿ ಅಲ್ಲ ಅದು) 300 ಗ್ರಾಂ ಮೊಳಕೆ ರಾಗಿ ಹಿಟ್ಟು ಕಲಸಿ ಮುಚ್ಚಿಟ್ಟೆ. ಒಂದು ಗಂಟೇಲಿ ಸೌಟು ನಿಲ್ಲೋ ಹಾಗಿದ್ದ ಗಂಜಿ ನೀರಾಗಿತ್ತು. ರುಚಿ ನೋಡಿದ್ರೆ ಸಕ್ಕರೆ ಹಾಕ್ದಂಗೆ ಸಿಹಿ! ಹಿಟ್ಟು ಕಣ್ಣೆದುರೇ ಸಕ್ಕರೆ ಆಗೋದನ್ನ ಒಂದು ಸಲನಾದ್ರೂ ನೋಡಿ ಗೆಳೆಯರೇ, ವಿಜ್ಞಾನದ ಮೇಷ್ಟ್ರು ಶಾಲೇಲಿ ಇದನ್ನ ತೋರಿಸಬೇಕಿತ್ತು.

ಸೋಸಿ, ಉಗುರುಬೆಚ್ಚಗಾದ ಮೇಲೆ ಹುಳಿಗೆ ಹೆಪ್ಪು ಬೇಕು. ಅತ್ತೆ ನಮ್ಮ ಜೊತೇಲೇ ಇದಾರೆ, ಅವರ ಅಂಬಲಿ ಮಡಕೆಯೂ ಇದೆ. ಒಂದು ಸೌಟು ಕೇಳಿದೆ.

"ಏತಕ್ಕಪ್ಪ?"

ಇವಳು ಸುಳ್ಳು ಹೇಳಲ್ಲ. "ಬಿಯರ್ ಥರದ್ದು ಮಾಡ್ತಿದೀವಿ ಅವ್ವ" ಅಂದ್ಲು.

ಅತ್ತೆ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮಗಳ ಮುಖ ನೋಡಿದರು, ಪಾತ್ರೆ ನೋಡಿದರು, ಬಗ್ಗಿ ಮೂಸಿದರು. "ಇದ್ರಲ್ಲಿ ಅದಿಲ್ಲ ತಾನೆ?" ಸಾರಾಯಿ ಅನ್ನೋ ಪದ ಅವರು ನಮ್ಮನೇಲಿ ಒಂದು ಸಲವೂ ಬಾಯಿಬಿಟ್ಟು ಆಡಿದ್ದಿಲ್ಲ, 'ಅದು' ಅಂತಲೇ. ಇಲ್ಲ ಅಂತ ಬಿಡಿಸಿ ಹೇಳಿದೆ, ಯಾವುದರಿಂದ ಅದು ಆಗುತ್ತೆ, ನಾವೆಲ್ಲಿ ನಿಲ್ಲಿಸ್ತೀವಿ, ಎಲ್ಲಾ. ಎಷ್ಟು ನಂಬಿದರೋ. ಸೌಟಂತೂ ಹಾಕಿದರು. ಆದ್ರೆ ಆ ಇಡೀ ರಾತ್ರಿ ಕಂಬಳಿ ಸುತ್ತಿಟ್ಟ ಪಾತ್ರೆ ಪಕ್ಕದಲ್ಲೇ ಚಾಪೆ ಹಾಸ್ಕೊಂಡು ಮಲಗಿದರು. ನಾವಿಬ್ಬರೂ ಏನೂ ಅನ್ನಲಿಲ್ಲ. ಕಾವಲು ಕಾಯೋ ಹಕ್ಕು ಅವರಿಗಿದೆ.

ಮಾರನೇ ಸಂಜೆಗೆ ಒಳ್ಳೇ ಹುಳಿ ಬಂದಿತ್ತು. ಒಂದು ಚಿಕ್ಕ ಚಮಚ ಉಪ್ಪು, ಜಜ್ಜಿದ ಕೊತ್ತಂಬರಿ ಬೀಜ ಹಾಕಿ ಕುದಿಸಿ, ಸೋಸಿ, ಆರಿಸಿ ಫ್ರಿಜ್ಜಲ್ಲಿಟ್ಟೆ. ಯೀಸ್ಟ್ ಇಲ್ಲದ್ದಕ್ಕೆ ಗುಳ್ಳೆ ಎಲ್ಲಿಂದ ಬರಬೇಕು? ಅರ್ಧ ಲೋಟ ಇದು, ಅರ್ಧ ಲೋಟ ಸೋಡಾ. ಮೇಲೆ ಸ್ವಲ್ಪ ಹೊತ್ತು ನೊರೆನೂ ನಿಂತಿತು.

ಇವಳು ಬಾಲ್ಕನಿಯಲ್ಲಿ ಕೂತು ಕುಡಿದಳು. ಮೊದಲ ಗುಟುಕಿಗೆ ಕಣ್ಣು ಮುಚ್ಚಿದ್ದು ನೋಡಿದೆ, ಮೂರನೇದಕ್ಕೆ ಲೋಟ ಎತ್ತಿ ಬೆಳಕಿಗೆ ಹಿಡಿದದ್ದು ನೋಡಿದೆ. ಅತ್ತೆಗೂ ಅರ್ಧ ಲೋಟ ಕೊಟ್ಟೆ. ಅವರು ಕುಡಿದು, ಬಾಯಿ ಒರೆಸ್ಕೊಂಡು, "ಇದು ಅಂಬಲಿ ಕಣಪ್ಪ, ಸೋಡಾ ಯಾಕೆ ದಂಡ ಮಾಡ್ದೆ?" ಅಂದರು.

ಆಮೇಲೆ ತಾಯಿ ಮಗಳಿಬ್ಬರೂ ಜೋರಾಗಿ ಚರ್ಚೆ. ಏನಾದ್ರೂ ಆಗುತ್ತೆ ಅಂದಿದ್ದವಳು ಈಗ ಕೊತ್ತಂಬರಿ ಅರ್ಧ ಕಮ್ಮಿ ಮಾಡು, ಹುಳಿ ಇನ್ನೂ ಆರು ಗಂಟೆ ಬರ್ಲಿ, ಮುಂದಿನ ಸಲ ಹಸಿ ಮಾವಿನಕಾಯಿ ತುರಿದು ಹಾಕಿ ನೋಡೋಣ ಅಂತಿದಾಳೆ. ಅತ್ತೆ ಹಸಿಮೆಣಸಿನಕಾಯಿ ಪಕ್ಷ. ಗೋಧಿ ಬೇಡವೇ ಬೇಡ, ಪೂರ್ತಿ ರಾಗಿ ಆಗ್ಲಿ ಅಂತ ಇಬ್ಬರದ್ದೂ ಒಮ್ಮತ. ಎರಡು ಸೇರು ರಾಗಿ ನೆನೆಹಾಕಿ ಆಗಿದೆ, ಮಾವಿನಕಾಯಿ ತರೋದು ನನ್ನ ಪಾಲು.

ಜೈಭೀಮ್.