ಕುರಿ ಹೆಚ್ಚಿತು, ಉಣ್ಣೆ ಹೋಯಿತು

ಬೆಂಗಳೂರಿನಲ್ಲಿ ಹೆಣಿಗೆಯ ಗೀಳು ಹತ್ತಿದ ಎಳೆಯರು ಈಗ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಹೊರದೇಶದ ಮೆರಿನೋ ಕುರಿಯ ದಾರಕ್ಕೆ ಕೈಯಲ್ಲೇ ಬಣ್ಣ ಹಾಕಿದ ಒಂದು ಲಡಿಗೆ ಸಾವಿರ ರೂಪಾಯಿ ಮೀರಿ ಕೊಡುತ್ತೇವಲ್ಲ, ಶಿವಗಂಗೆ ಬೆಟ್ಟದ ಸುತ್ತ ಮೇಯುವ ಕುರಿಗಳ ಉಣ್ಣೆ ಎಲ್ಲಿ ಹೋಗುತ್ತದೆ ಅಂತ. ಬೇಲಿಯ ಬುಡಕ್ಕೆ, ತಿಪ್ಪೆಗೆ ಹೋಗುತ್ತದೆ ಎಂಬುದೇ ಇದಕ್ಕೆ ಉತ್ತರ. ಕತ್ತರಿಸುವ ಕೂಲಿಯೇ ಉಣ್ಣೆಯ ಬೆಲೆಗಿಂತ ಹೆಚ್ಚಾದ ಮೇಲೆ ಕುರಿಗಾರ ಇನ್ನೇನು ಮಾಡಿಯಾನು? ಆದರೆ ಹೀಗಾದದ್ದು ಹೇಗೆ ಎಂದು ಹೇಳುವ ಹೊಣೆ ಅದನ್ನು ಕಣ್ಣಾರೆ ಕಂಡ ನಮ್ಮ ತಲೆಮಾರಿನದು.

ನೆಲಮಂಗಲ, ಮಾಗಡಿ, ತುಮಕೂರು ಸೀಮೆಯಲ್ಲಿ ಕಂಬಳಿಯಿಲ್ಲದ ಮನೆ ಇರಲಿಲ್ಲ. ಜಡಿಮಳೆಗೆ ಕಂಬಳಿ ಕೊಪ್ಪೆ, ಹಸೆಗೆ ಹಾಸಲು ಕಂಬಳಿ, ನ್ಯಾಯಕ್ಕೆ ಕೂತ ಯಜಮಾನರ ಅಡಿಗೂ ಕಂಬಳಿ. ಬೀರಪ್ಪನ ಗುಡಿಯಲ್ಲಂತೂ ಕರಿ ಕಂಬಳಿಯ ಗದ್ದುಗೆಯಿಲ್ಲದೆ ಕಾರ್ಯ ನಡೆಯದು. ಹೆಂಗಸರು ರಾಟೆಯಲ್ಲಿ ತೆಗೆದ ನೂಲನ್ನು ಹಾಸಾಗಿ ಹೂಡಿ, ಹುಣಸೆ ಬೀಜ ಹುರಿದು ಕುಟ್ಟಿ ಕುದಿಸಿದ ಗಂಜಿಯನ್ನು ಕುಂಚದಲ್ಲಿ ಸವರುತ್ತಿದ್ದರು. ಒದ್ದೆ ಉಣ್ಣೆಯ ಜಿಡ್ಡು, ಹುರಿದ ಬೀಜದ ಒಗರು, ಮೇಲೆ ಬಿಸಿಲು; ಈ ಮೂರೂ ಬೆರೆತ ವಾಸನೆ ನೇಕಾರರ ಕೇರಿಯನ್ನು ದೂರದಿಂದಲೇ ಹೇಳಿಬಿಡುತ್ತಿತ್ತು. ಹಳೆಯ ನೇಕಾರ ತನ್ನ ಮಾಲನ್ನು ಹೊಗಳುತ್ತಿರಲಿಲ್ಲ. ಕಂಬಳಿಯ ನಾಲ್ಕು ಮೂಲೆ ಎತ್ತಿ ಹಿಡಿಸಿ ನಡುವೆ ಒಂದು ಚೊಂಬು ನೀರು ಸುರಿದು ಸುಮ್ಮನೆ ನಿಲ್ಲುತ್ತಿದ್ದ. ನೀರು ನಿಂತರೆ ಅವನು ಹೇಳಿದ್ದೇ ಬೆಲೆ, ತೊಟ್ಟಿಕ್ಕಿದರೆ ಕೊಳ್ಳುವವನು ಹೇಳಿದ್ದು. ಚೌಕಾಸಿ ಅಷ್ಟಕ್ಕೇ ಮುಗಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ನಿಜವನ್ನೂ ಒಪ್ಪಬೇಕು. ನಮ್ಮ ಸೀಮೆಯ ಕುರಿ ಉಣ್ಣೆಗೆ ಹೆಸರಾದದ್ದಲ್ಲ. ಮಂಡ್ಯದ ಬನ್ನೂರು ಕುರಿಯೂ ಅದರ ಬೆರಕೆಗಳೂ ಮಾಂಸಕ್ಕೆ ಹೆಸರಾದವು. ಅವುಗಳ ಮೈಮೇಲಿನದು ಉಣ್ಣೆಗಿಂತ ಕೂದಲಿಗೇ ಹತ್ತಿರ. ಕಂಬಳಿಗೆ ಒದಗಿದ್ದು ಶಿರಾ, ಚಳ್ಳಕೆರೆ, ಬಳ್ಳಾರಿಯತ್ತಣ ಒರಟು ಉಣ್ಣೆ, ಅದರಾಚೆ ಉತ್ತರದಲ್ಲಿ ಡೆಕ್ಕನಿ ಕುರಿಯ ಕಪ್ಪು ಉಣ್ಣೆ. ಇಂಥ ಕುರಿಯಿಂದ ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಸಿಗುವುದು ಅರ್ಧ ಕಿಲೋ ಆಸುಪಾಸು. ರಾಟೆ ಹಿಡಿದ ಹೆಂಗಸಿಗೆ ಅದರಿಂದ ಹೊಟ್ಟೆ ತುಂಬ ಅನ್ನ ಹುಟ್ಟಿದ್ದನ್ನು ನಾವು ಕಂಡಿಲ್ಲ. ಆ ಕಸುಬಿನಿಂದ ಮಕ್ಕಳನ್ನು ಬಿಡಿಸಿ ಶಾಲೆಗೆ ಕಳಿಸಿದವರನ್ನು ಸಂಪ್ರದಾಯ ಕೆಡಿಸಿದರೆಂದು ದೂರುವವರು ಒಂದು ದಿನ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ನೋಡಲಿ.

ಹಾಗಾದರೆ ಬಡತನವೇ ಉಣ್ಣೆಯನ್ನು ಕೊಂದಿತೆ? ಕುರಿಯೂ ಕಡಿಮೆಯಾಗಿದ್ದರೆ ಹಾಗೆನ್ನಬಹುದಿತ್ತು. 2012ರಲ್ಲಿ ಕರ್ನಾಟಕದಲ್ಲಿ ಸುಮಾರು 96 ಲಕ್ಷವಿದ್ದ ಕುರಿ 2019ರ ಜಾನುವಾರು ಗಣತಿಗೆ 1.1 ಕೋಟಿ ಮುಟ್ಟಿತು. ಆದರೆ ದೇಶದ ಉಣ್ಣೆ ಉತ್ಪಾದನೆ 2018-19ರಲ್ಲಿ ಸುಮಾರು 4 ಕೋಟಿ ಕಿಲೋ ಇದ್ದದ್ದು 2021-22ಕ್ಕೆ 3.3 ಕೋಟಿಗೆ ಇಳಿಯಿತು. ಕುರಿ ಏರಿ ಉಣ್ಣೆ ಇಳಿದರೆ ಅದು ಆಯ್ಕೆಯ ಫಲ. ಮೊದಲು ಸರ್ಕಾರ ನಯವಾದ ಉಣ್ಣೆ ಬೇಕೆಂದು ರಾಂಬೌಲೆಟ್, ಮೆರಿನೋ ಟಗರು ತರಿಸಿ ಕರಿ ಉಣ್ಣೆಯ ಮಂದೆಗೆ ಬಿಳಿ ಬೆರೆಸಿತು. ಆಮೇಲೆ ಪಾಣಿಪತ್ತಿನಿಂದ ಹಳೆ ಬಟ್ಟೆ ಹಿಂಜಿ ನೇಯ್ದ ಅಗ್ಗದ ಹೊದಿಕೆ ಬಂತು, ಅಂಗಡಿಯಲ್ಲಿ ‘ಉಲ್ಲನ್’ ಎಂದು ಮಾರುವ ಅಕ್ರಿಲಿಕ್ ಬಂತು. ಕೊನೆಗೆ ಬಾಡಿನ ಬೆಲೆ ಏರಿದಂತೆ ಕೆಂಗುರಿ, ಯಳಗದಂಥ ಕೂದಲು ಕುರಿಗಳೂ, ಫಲಟಣದಲ್ಲಿ ಅವಳಿ ಮರಿಗೆಂದೇ ಬೆಳೆಸಿದ ನಾರಿ ಸುವರ್ಣ ತಳಿಯೂ ಮಂದೆ ಸೇರಿದವು. ಇದರಲ್ಲಿ ಕುರಿಗಾರನ ತಪ್ಪು ಕಾಣದು. ಸೋಂಪುರದ ಗೋಮಾಳದ ಆಸುಪಾಸಿನಲ್ಲೆಲ್ಲ ಕಾರ್ಖಾನೆಯ ಕಾಂಪೌಂಡು ಎದ್ದ ಮೇಲೆ, ಉಳಿದಷ್ಟು ಮೇವಿನಲ್ಲಿ ಯಾವುದು ದುಡ್ಡಾಗುತ್ತದೋ ಅದನ್ನೇ ಸಾಕುತ್ತಾನೆ.

ಈ ಉಣ್ಣೆ ಚುಚ್ಚುತ್ತದೆ, ಹೆಣೆಯಲು ಬಾರದು ಎಂಬ ಆಕ್ಷೇಪವಿದೆ. ಕೊರಳಿಗೆ ಸುತ್ತಲು ಬಾರದೆಂಬುದು ದಿಟ. ನೆಲಹಾಸು, ಕೈಚೀಲ, ಅಂಗಿಯ ಮೇಲೆ ತೊಡುವ ದಪ್ಪ ಕೋಟು ಇವಕ್ಕೆ ಬೇಕಾದದ್ದೇ ಈ ಬಿಗಿ. ಸವೆಯದ ದಾರವನ್ನು ನಯವಿಲ್ಲವೆಂದು ಬಿಸಾಡುವುದು ಗೋಣಿಯನ್ನು ರೇಷ್ಮೆಯಲ್ಲವೆಂದು ಬೈದ ಹಾಗೆ. ಕಪ್ಪು ಉಣ್ಣೆಗೆ ಬಣ್ಣ ಹಿಡಿಯದು ಎಂಬುದು ಇನ್ನೊಂದು ಮಾತು. ನನಗಂತೂ ಅದೇ ಅದರ ಹೆಚ್ಚುಗಾರಿಕೆ. ಬಿಳಿ ಉಣ್ಣೆಗೆ ಪಟಿಕ ಹಾಕಿ ದಾಳಿಂಬೆ ಸಿಪ್ಪೆಯಲ್ಲಿ ಹಳದಿ, ಮಂಜಿಷ್ಠದಲ್ಲಿ ಕೆಂಪು ತೆಗೆಯಬಹುದು, ಚೆಂದವೇ. ಆದರೆ ಗಿಡಮೂಲಿಕೆಯ ಬಣ್ಣಕ್ಕೂ ಸೌದೆ ಉರಿಯಬೇಕು, ಹಂಡೆಗಟ್ಟಲೆ ನೀರು ಸುರಿಯಬೇಕು. ದೊಡ್ಡಬಳ್ಳಾಪುರದ ಕೊಳಚೆ ಅರ್ಕಾವತಿಯ ಕೆರೆಗಳಿಗೆ ಸೇರಿದ್ದನ್ನು ಕಂಡ ಜಿಲ್ಲೆಗೆ ನೀರಿನ ಲೆಕ್ಕ ಹೇಳಿಕೊಡಬೇಕಿಲ್ಲ. ಕಪ್ಪು, ಕಂದು, ಬೂದು, ಬಿಳಿ ಎಂದು ಕುರಿಯ ಬೆನ್ನ ಮೇಲೇ ವಿಂಗಡಿಸಿ ಕತ್ತರಿಸಿದರೆ ಹಂಡೆಗೆ ಉರಿ ಹಚ್ಚದೆಯೇ ನಾಲ್ಕು ಬಣ್ಣದ ದಾರ ಸಿಗುತ್ತದೆ.

ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ಉಣ್ಣೆ ಇನ್ನೂ ಇದೆ. ಹೆಸರಿಗೆ ತಕ್ಕಂತೆ ದಾಬಸ್‌ಪೇಟೆಯಲ್ಲೋ ಶಿರಾದಲ್ಲೋ ಉಣ್ಣೆ ತೊಳೆದು ವಿಂಗಡಿಸಿ ನೂಲುವ ಒಂದು ಚಿಕ್ಕ ಘಟಕ ತೆರೆಯಲಿ. ಹೆಣೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಲಡಿ ಕೊಳ್ಳುವಾಗ ಬಣ್ಣದ ಹೆಸರು ಕೇಳುವ ಮೊದಲು ಕುರಿಯ ತಳಿ ಯಾವುದು, ಮೇಯ್ದ ತಾಲ್ಲೂಕು ಯಾವುದು ಎಂದು ಕೇಳಿ, ನಮ್ಮ ಸೀಮೆಯದಾದರೆ ಕತ್ತರಿಸುವ ಕೂಲಿ ಕಳೆದು ಕುರಿಗಾರನಿಗೆ ನಾಲ್ಕು ಕಾಸು ಉಳಿಯುವಷ್ಟು ಬೆಲೆ ಕೊಡಿ.