ಉಪ್ಪಿನ ಲೆಕ್ಕ

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಪುಣೆಗೆ ಬಂದದ್ದು 2001ರಲ್ಲಿ. ಕೋಥರೂಡದಲ್ಲಿ ಮನೆ ಮಾಡಿದೆವು. ಧಾರವಾಡದಿಂದ ಒಂದು ರಾತ್ರಿಯ ಬಸ್ ಪ್ರಯಾಣ ಅಷ್ಟೆ, ಪರವೂರು ಅಂತ ಅನಿಸಲೇ ಇಲ್ಲ. ಕೌಂಟರಿನಲ್ಲಿ ಕೂತು ಕೂತು ಮರಾಠಿಯೂ ನಾಲಗೆಗೆ ಹತ್ತಿತು. ಆದರೆ ಅದು ಠೇವಣಿ, ಸಾಲದ ಮರಾಠಿ. ಕಾಯಿಲೆಯ ಮರಾಠಿ ಬೇರೆ ಎಂದು ತಿಳಿದದ್ದು 2004ರಲ್ಲಿ.

ಬೆಳಗ್ಗೆ ಏಳುವಾಗ ನನ್ನ ಹೆಂಡತಿಯ ಕಣ್ಣಿನ ಸುತ್ತ ಊದಿರುತ್ತಿತ್ತು, ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ನಿದ್ದೆ ಸಾಲದು ಅಂದುಕೊಂಡೆವು. ಒಮ್ಮೆ ಗಂಟಲುನೋವು, ಜ್ವರ ಬಂದಾಗ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಹೆದರಿ ಡಾಕ್ಟರ ಹತ್ತಿರ ಓಡಿದೆವು. "ಲಘವೀಲಾ ಫೇಸ ಯೇತೋ ಕಾ?" ಎಂದರು. ಫೇಸ್ ಅಂದರೆ ಮುಖವೆಂದು ತಿಳಿದು ನಾನು, "ಹೋ, ಸಕಾಳೀ ಸುಜತೋ," ಬೆಳಗ್ಗೆ ಊದುತ್ತದೆ ಅಂದೆ. ಡಾಕ್ಟರು ನಕ್ಕರು. ಮರಾಠಿಯಲ್ಲಿ ಫೇಸ ಅಂದರೆ ನೊರೆ! ಮೂತ್ರದಲ್ಲಿ ನೊರೆಯೂ ಇತ್ತು, ತಿಂಗಳುಗಟ್ಟಲೆ. ಇವಳು ನಾಚಿ ನನಗೂ ಹೇಳಿರಲಿಲ್ಲ.

ಬಯಾಪ್ಸಿಯಲ್ಲಿ 'ಐಜಿಎ ನೆಫ್ರೋಪತಿ' ಅಂತ ಬಂತು. 1968ರಲ್ಲಿ ಪ್ಯಾರಿಸಿನ ವೈದ್ಯ ಬರ್ಜರ್ ಇದನ್ನು ವಿವರಿಸಿದ್ದರಿಂದ ಬರ್ಜರ್ ಕಾಯಿಲೆ ಅಂತಲೂ ಹೆಸರು. ಒಂದೊಂದು ಕಿಡ್ನಿಯಲ್ಲಿ ರಕ್ತ ಸೋಸುವ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಗಂಟಲು, ಕರುಳುಗಳನ್ನು ಕಾಯುವ ಐಜಿಎ ಎಂಬ ಪ್ರತಿಕಾಯದ ರಚನೆ ಕೆಟ್ಟಾಗ, ದೇಹ ಅದನ್ನೇ ವೈರಿಯೆಂದು ತಿಳಿದು ಇನ್ನೊಂದು ಪ್ರತಿಕಾಯ ಹುಟ್ಟಿಸುತ್ತದೆ. ಎರಡೂ ಅಂಟಿಕೊಂಡು ಹೋಗಿ ಜರಡಿಯಲ್ಲಿ ಕೂರುತ್ತವೆ. ಅಲ್ಲಿ ಉರಿಯೂತವಾಗಿ ರಕ್ತ, ಪ್ರೋಟೀನು ಸೋರುತ್ತವೆ. ಬಾಗಿಲು ಕಾಯುವ ಗಾರ್ಡನೇ ಕ್ಯಾಶಿಯರನ ಮೇಲೆ ಬಂದೂಕು ಹಿಡಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ. ಹಾಳಾದ ಜರಡಿ ಮತ್ತೆ ಹುಟ್ಟುವುದಿಲ್ಲ, ಉಳಿದದ್ದನ್ನು ಕಾಪಾಡಬೇಕು. ಬಿಪಿ ಗುಳಿಗೆ, ಆರು ತಿಂಗಳು ಸ್ಟಿರಾಯ್ಡ್, ದಿನಕ್ಕೆ 5 ಗ್ರಾಂ ಒಳಗೆ ಉಪ್ಪು.

ಊರಿಗೆ ತಿಳಿಸಲಿಲ್ಲ. ಪರವೂರಿನಲ್ಲಿರುವವರ ಚಟವಿದು, ಫೋನಿನಲ್ಲಿ ಎಲ್ಲರೂ ಆರಾಮ. ಸ್ಟಿರಾಯ್ಡಿನಿಂದ ಮುಖ ದುಂಡಗಾದ ಫೋಟೋ ನೋಡಿ ನಮ್ಮ ಅತ್ತೆ, "ಮೈ ತುಂಬ್ಯಾಳ, ಪುಣೆ ನೀರು ಹತ್ತೇತಿ" ಎಂದು ಹಿಗ್ಗಿದರು. ಮಗಳಿಗೆಂದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಳಿಸುತ್ತಲೇ ಇದ್ದರು. ನಾವು ನೆರೆಯವರಿಗೆ ಕೊಡುತ್ತಿದ್ದೆವು.

ದೀಪಾವಳಿಗೆ ಅತ್ತೆಯೇ ಬಂದರು. ಒಲೆಯ ಮೇಲೆ ಎರಡು ಪಾತ್ರೆಯಲ್ಲಿ ಬೇಳೆ. "ಒಂದ ಮನಿಗೆ ಎರಡು ಪಾತ್ರಿ ಯಾಕ?" ಎಂದು ಎರಡರದೂ ರುಚಿ ನೋಡಿದರು. ಇನ್ನು ಮುಚ್ಚಿಡುವುದೇನು? ಹೇಳಿದೆವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದ ಮಾತು ಹೇಳಿದ್ರ ಉಪ್ಪಿನಕಾಯಿ ಕಳಸೋದು ಬಿಡ್ತಿದ್ನಿಲ್ಲೇನವಾ?" ಎಂದರು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಮರುದಿನದಿಂದ ಒಲೆಯ ಮೇಲೆ ಒಂದೇ ಪಾತ್ರೆ. ಬೇಕಾದವರು ತಮ್ಮ ತಾಟಿಗೆ ಉಪ್ಪು ಹಾಕಿಕೊಳ್ಳುವುದು. ಅತ್ತೆ ಮಾತ್ರ ಹಾಕಿಕೊಳ್ಳಲಿಲ್ಲ. ಆ ಮೇಲೆ ಧಾರವಾಡದಿಂದ ಬರುತ್ತಿದ್ದದ್ದು ಉಪ್ಪಿಲ್ಲದ ಕಟಕ ರೊಟ್ಟಿ, ಉಪ್ಪಿಲ್ಲದ ಗುರೆಳ್ಳು ಪುಡಿ.

20 ವರ್ಷ ದಾಟಿತು. ಡಯಾಲಿಸಿಸ್ ಬೇಕಾಗಿಲ್ಲ. ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಗುಳಿಗೆ ಸಕ್ಕರೆ ಇಲ್ಲದವರ ಕಿಡ್ನಿಯನ್ನೂ ಕಾಯುತ್ತದೆಂದು 2020ರಲ್ಲಿ ಗೊತ್ತಾದ ಮೇಲೆ ಅದೂ ಸೇರಿದೆ. ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ಅಂಕಿ ಹಳೆಯ ಲೆಡ್ಜರಿನಲ್ಲಿ ಬರೆದಿಡುತ್ತೇನೆ. ಅತ್ತೆ ಈಗಿಲ್ಲ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಆ ಕೆಲವು ತಿಂಗಳು ನಾವು ಎರಡನ್ನೂ ಬಿಟ್ಟಿದ್ದೆವು. ಡಾಕ್ಟರು ಬಿಡಲು ಹೇಳಿದ್ದು ಒಂದನ್ನು ಮಾತ್ರ.