ಮುತ್ಯಾನ ಡೊಳ್ಳಿಗೆ ಹೊಸ ಚರ್ಮ

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಒಂದು ಪೂರ್ತಿ ಪುಟ ಬರೆದು ಎಷ್ಟೋ ವರ್ಷ ಆಯ್ತು. ಒತ್ತಕ್ಷರ ತಪ್ಪಿದ್ರೆ ಸಂಘದ ಸೀನಿಯರ್ಸ್ ತಿದ್ದುತ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ಇದೆಲ್ಲ ಶುರುವಾಗಿದ್ದು ನಮ್ಮ ಹಾಸ್ಟೆಲ್ ರೂಮಿನಲ್ಲಿ. ನನ್ನ ರೂಮ್‌ಮೇಟ್ ಡ್ರಮ್ಮರ್. ಯಾರೋ ಮಾರಿದ ಹಳೆಯ ಡ್ರಮ್ ಸೆಟ್ ತಂದು, ಅದರ ಮೇಲಿದ್ದ ಬಣ್ಣಗೆಟ್ಟ ಪ್ಲಾಸ್ಟಿಕ್ ಹೊದಿಕೆಯನ್ನ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನಕ್ಕೆ ಬಿಚ್ಚುತ್ತಿದ್ದ. ಒಳಗಿನ ಕಟ್ಟಿಗೆ ಉಜ್ಜಿ, ಹೊಸ ಹೊದಿಕೆ ಅಂಟಿಸಿದ. ಒಂದು ವಾರ ರೂಮ್ ತುಂಬ ಅಂಟಿನ ವಾಸನೆ. ಬಡಿಯೋ ಭಾಗ ಮಾತ್ರ ಸುಲಭ ಅಂದ, ಪ್ಲಾಸ್ಟಿಕ್ ಹಾಳೆ ಅಂಗಡಿಯಲ್ಲೇ ಸಿಗುತ್ತೆ. 1950ರ ದಶಕದ ಕೊನೆಯವರೆಗೆ ಅಮೆರಿಕದ ಡ್ರಮ್‌ಗಳಿಗೂ ಕರುವಿನ ಚರ್ಮಾನೇ ಇತ್ತಂತೆ. ಅದನ್ನ ಕೇಳ್ತಾ ನನಗೆ ನೆನಪಾಗಿದ್ದು ನಮ್ಮ ಮನೆಯ ಅಟ್ಟದ ಮೇಲಿನ ಡೊಳ್ಳು.

ನಮ್ಮ ಮನೆ ಗೋಕಾಕದಲ್ಲಿ. ಅಪ್ಪನ ಊರು ಮೂಡಲಗಿ ಹತ್ತಿರದ ಒಂದು ಹಳ್ಳಿ. ಮುತ್ಯಾ ಅಲ್ಲೇ ಇರ್ತಾನೆ. ಬೀರಪ್ಪನ ಜಾತ್ರೆಗೆ ರಾತ್ರಿಯಿಡೀ ಡೊಳ್ಳಿನ ಪದ ನಡೆಯೋವಾಗ ಮುತ್ಯಾ ಬಾರಿಸ್ತಿದ್ದ. ಡೊಳ್ಳಾಸುರ ಅನ್ನೋ ರಾಕ್ಷಸನ ಚರ್ಮದಿಂದ ಶಿವ ಡೊಳ್ಳು ಮಾಡಿದ ಅನ್ನೋ ಕಥೆ ನನಗೆ ಗೊತ್ತಿರೋದು ಅವನಿಂದಲೇ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಎಡಗೈ ಮುರೀತು. ಮೂಳೆ ಕೂಡಿತು, ಬಲ ಬರಲಿಲ್ಲ. ಡೊಳ್ಳು ಅಟ್ಟ ಸೇರಿತು. ಇಲಿ ಒಂದು ಬದಿ ಚರ್ಮ ತಿಂದವು, ಇನ್ನೊಂದು ಬದಿ ಒಣಗಿ ಸೀಳಿತು. ಊರ ಮೇಳದವರು ತಗಡಿನ ಹೊಸ ಡೊಳ್ಳು ತಂದರು. ಅದಕ್ಕೆ ಫೈಬರ್ ಹಾಳೆ. ಮಳೆ ಬಂದರೂ ಚಿಂತೆ ಇಲ್ಲ.

ಮೂರನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಮುತ್ಯಾನ್ನ ಕೇಳಿದೆ, "ಮುತ್ಯಾ, ಇದಕ್ಕೂ ಫೈಬರ್ ಹಾಕಸೂಣೇನ?"

"ಹಾಕಸು. ಆದ್ರ ಆಮ್ಯಾಗ ಅದನ್ನ ನನ್ನ ಡೊಳ್ಳ ಅನಬ್ಯಾಡ," ಅಂದ.

ಹಾಗಾಗಿ ಚರ್ಮಾನೇ ಅಂತ ತೀರ್ಮಾನ ಆಯ್ತು. ಮೊದಲು ಹಗ್ಗ ಬಿಚ್ಚಿ ಕಟ್ಟಿಗೆ ನೋಡಿದೆವು. ಮೇಲೆ ಹಸಿರು ಆಯಿಲ್ ಪೇಂಟ್. ಅದನ್ನ ಕೆರೆದರೆ ನೀಲಿ, ನೀಲಿಯ ಕೆಳಗೆ ಕೆಂಪು. ಕೆಂಪಿನ ಕೆಳಗೆ ಒಂದು ಉದ್ದ ಬಿರುಕು, ಅದರ ಮೇಲೆ ಸಣ್ಣ ಮೊಳೆ ಹೊಡೆದು ಕೂರಿಸಿದ ತಗಡಿನ ಪಟ್ಟಿ. ಮುತ್ಯಾ ಅದನ್ನ ಬೆರಳಿನಿಂದ ಸವರಿ, "ಇದು ನಮ್ಮಪ್ಪ ಹೊಡದದ್ದು," ಅಂದ. ಆ ಪಟ್ಟಿ ತೆಗೆಯಲಿಲ್ಲ. ಹುಳದ ತೂತುಗಳಿಗೆ ಫೆವಿಕಾಲ್ ಜೊತೆ ಕಟ್ಟಿಗೆ ಪುಡಿ ಕಲಸಿ ತುಂಬಿದೆ. ಮತ್ತೆ ಪೇಂಟ್ ಬೇಡ ಅಂದ ಮುತ್ಯಾ, ಅಗಸಿ ಎಣ್ಣಿ ಹಚ್ಚಿಸಿದ. ಎರಡು ದಿನಕ್ಕೆ ಮಾವಿನ ಕಟ್ಟಿಗೆ ಬೆಲ್ಲದ ಬಣ್ಣಕ್ಕೆ ಬಂತು.

ಚರ್ಮ ಹಾಕೋರು ಹುಕ್ಕೇರಿ ಕಡೆ ಇದ್ದಾರೆ ಅಂತ ಗೊತ್ತಾಗಿ ಘಟಪ್ರಭಾ ಮೇಲೆ ಹಾಸಿ ಬಸ್ಸಿನಲ್ಲಿ ಹೋದೆ. ಐವತ್ತು ದಾಟಿದ ಕಾಕಾ. ಅಂಗಳದ ತೊಟ್ಟಿಯಲ್ಲಿ ಸುಣ್ಣದ ನೀರು, ಅದರಲ್ಲಿ ನೆನೆಹಾಕಿದ ಆಡಿನ ಚರ್ಮ. ಸುಣ್ಣಕ್ಕೆ ಕೂದಲಿನ ಬೇರು ಸಡಿಲ ಆಗುತ್ತೆ, ಆಮೇಲೆ ಕೆರೆದು ತೆಗೀತಾರೆ. ವಾಸನೆಗೆ ನಾನು ಮುಖ ತಿರುಗಿಸಿದ್ದು ಅವರಿಗೆ ಕಾಣಿಸಿತು, ನಕ್ಕರು. ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಒಂದು ತೆಳು, ಒಂದು ದಪ್ಪ, ಎರಡು ಚರ್ಮ ಆರಿಸಿದರು.

"ನಾಕ್ ದಿನ ತಡೀರಿ, ನಾನ ಬಂದು ಕಟ್ಟಿಕೊಡ್ತೀನ್ರಿ," ಅಂದರು.

ನನಗೆ ತಡೆಯೋಕೆ ಆಗಲಿಲ್ಲ. ಕಾಲೇಜು ಶುರುವಾಗೋಕೆ ಹತ್ತೇ ದಿನ ಇತ್ತು. ನಾನೇ ಕಟ್ತೀನಿ ಅಂದೆ. ರಾತ್ರಿ ನೆನೆಸೋದು, ಬಿದಿರಿನ ಬಳೆಗೆ ಸುತ್ತೋದು, ಹಗ್ಗ ಹಾಕೋದು, ನೆರಳಲ್ಲಿ ಒಣಗಿಸೋದು, ಎಲ್ಲ ಹೇಳಿದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಇಂಜಿನಿಯರಿಂಗ್ ಓದ್ತೀವಲ್ಲ, ಒಂದು ಧಿಮಾಕು ಇರುತ್ತೆ. ವೃತ್ತಾಕಾರದ ಪೊರೆಯ ಮೂಲ ಫ್ರೀಕ್ವೆನ್ಸಿ ಬಿಗಿತದ ವರ್ಗಮೂಲದಂತೆ ಏರುತ್ತೆ. ಬಿಗಿತ ನಾಲ್ಕು ಪಟ್ಟಾದರೆ ಫ್ರೀಕ್ವೆನ್ಸಿ ಎರಡು ಪಟ್ಟು. ಬರೀ ಪೊರೆಯ ಮುಂದಿನ ಸ್ವರಗಳು ಮೂಲದ 1.59, 2.14, 2.30 ಪಟ್ಟು, ಪೂರ್ಣಾಂಕ ಅಲ್ಲ. ಅದಕ್ಕೇ ಡೊಳ್ಳು ಶ್ರುತಿ ಹಿಡಿಯೋದಿಲ್ಲ, ಎದೆಗೆ ಗುದ್ದುತ್ತೆ. ತಬಲಾ, ಮೃದಂಗದ ನಡುವಿನ ಕಪ್ಪು ಕರಣೆ ಆ ಅನುಪಾತಗಳನ್ನ ಪೂರ್ಣಾಂಕಕ್ಕೆ ಹತ್ತಿರ ತರುತ್ತೆ ಅಂತ ಸಿ.ವಿ. ರಾಮನ್ 1920ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಇಷ್ಟೆಲ್ಲ ಮುತ್ಯಾನಿಗೆ ಹೇಳಿದೆ. "ಹೌದೇನ?" ಅಂದ, ಎಲೆ ಅಡಿಕೆ ಹಾಕ್ಕೊಂಡ.

ಹಸಿ ಚರ್ಮಾನ ಬಳೆಗೆ ಸುತ್ತಿ, ಹಗ್ಗಾನ ಕಾಲು ಕೊಟ್ಟು ಎಳೆದೆ. ಬಿಗಿ ಆದಷ್ಟೂ ಒಳ್ಳೇದು ಅನ್ನೋ ಲೆಕ್ಕ. ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮೇಲಿಂದ 'ಫಟ್' ಅಂತ ಸದ್ದು. ದಪ್ಪ ಚರ್ಮ ಅಂಚಿನಲ್ಲಿ ಒಂದು ಗೇಣು ಹರಿದಿತ್ತು. ಚರ್ಮ ಒಣಗ್ತಾ ತಾನೇ ಕುಗ್ಗುತ್ತೆ, ಬಿಗಿತ ತಾನೇ ಏರುತ್ತೆ. ಬಿಸಿಲಲ್ಲಿ ಒಂದು ಕಡೆ ಬೇಗ, ಒಂದು ಕಡೆ ತಡ. ಸೂತ್ರದಲ್ಲಿ ಬಿಗಿತ ಸುತ್ತಲೂ ಒಂದೇ ಅಂತ ಇರುತ್ತೆ, ನಮ್ಮ ಮಾಳಿಗೆ ಮೇಲೆ ಇರಲಿಲ್ಲ. ಮುತ್ಯಾ ಬೈಯಲಿಲ್ಲ. ಹರಿದ ಚರ್ಮ ನೋಡಿ ಗ್ವಾಡಿ ಕಡೆ ಹೊರಳಿ ಮಲಗಿದ. ಬೈದಿದ್ರೆ ಚೆನ್ನಾಗಿರ್ತಿತ್ತು.

ಫೋನ್ ಮಾಡಿದೆ. ಕಾಕಾ ಮೂರನೇ ದಿನ ಇನ್ನೊಂದು ಚರ್ಮ ತಗೊಂಡು ಬಂದರು. "ಬಿಸಿಲಿಗಿ ಇಟ್ಟಿದ್ರೇನ್ರಿ?" ಅಷ್ಟೇ ಕೇಳಿದ್ದು. ಹಸಿ ಇದ್ದಾಗ ಅವರು ಹಗ್ಗ ಎಷ್ಟು ಸಡಿಲ ಬಿಟ್ಟರು ಅಂದ್ರೆ ನನಗೆ ಇದೇನು ಕೆಲಸ ಅನ್ನಿಸಿತು. ಹಂದರದ ನೆರಳಲ್ಲಿ ಇಡಿಸಿ, ದಿನಾ ಬೆಳಿಗ್ಗೆ ಒಂದೊಂದು ಎಳೆ ಎದುರುಬದುರು ಬಿಗಿ ಮಾಡೋದು ತೋರಿಸಿದರು.

ಇನ್ನೊಂದು ಮಾತು ಬರೀಬೇಕು. ನಮ್ಮಪ್ಪನಷ್ಟು ವಯಸ್ಸಿನ ಆ ಕಾಕಾ ನನಗೆ 'ರಿ' ಹಚ್ಚಿ ಮಾತಾಡ್ತಿದ್ದರು. ನಮ್ಮ ಮನೆಯವರೆಲ್ಲ ಅವರಿಗೆ 'ನೀ' ಅಂತಿದ್ದರು. ಚಹಾ ಬಂದಾಗ ನಮಗೆಲ್ಲ ಕಪ್ಪು ಬಸಿ. ಅವರಿಗೆ, ಕಟ್ಟೆಯ ಮೇಲೆ, ಪೇಪರ್ ಕಪ್ಪು. ಅವರು ಕುಡಿದು, ಕಪ್ಪನ್ನ ತಾವೇ ತಿಪ್ಪೆಗೆ ಎಸೆದು ಬಂದರು. ಮಾತಿಲ್ಲದೇ, ರೂಢಿಯಾದವರ ಹಾಗೆ. ಅವರ ಮನೆಯ ಸ್ಟೀಲ್ ಲೋಟ ನನಗೆ ನೆನಪಾಯ್ತು. ನಾನು ನೋಡಿದೆ, ಏನೂ ಅನ್ನಲಿಲ್ಲ. ಕ್ಲಾಸಿನಲ್ಲಿ ಡಿಬೇಟ್ ಇದ್ದರೆ ಇದರ ಬಗ್ಗೆ ಹತ್ತು ನಿಮಿಷ ಮಾತಾಡ್ತೀನಿ. ಅವತ್ತು ಬಾಯಿ ಬರಲಿಲ್ಲ. ಅವರು ಹದ ಮಾಡಿದ ಚರ್ಮಕ್ಕೆ ಮರುವಾರ ನಾವೇ ಭಂಡಾರ ಹಚ್ಚಿ ಕೈ ಮುಗಿದೆವು.

ನಾನು ಕಾಲೇಜಿಗೆ ಹೊರಡೋ ಹಿಂದಿನ ದಿನ ಮುತ್ಯಾ ಡೊಳ್ಳನ್ನ ಕಟ್ಟೆ ಮೇಲೆ ಇಡಿಸಿದ. ಎಡಗೈ ಸುಮ್ಮನೆ ಚರ್ಮದ ಮೇಲಿಟ್ಟು, ಬಲಗೈ ಕೋಲಿನಿಂದ ಒಂದು ಪೆಟ್ಟು ಕೊಟ್ಟ. ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. ಮತ್ತೊಂದು ಪೆಟ್ಟು. ಕಣ್ಣು ಮುಚ್ಚಿ ಕೇಳಿದ.

"ದನಿ ಇನ್ನೂ ಎಳೀದೈತಿ. ಎರಡ ಜಾತ್ರಿ ಆಗ್ಲಿ, ಮಾಗತೈತಿ," ಅಂದ. ಆಮೇಲೆ ನನ್ನ ಕಡೆ ನೋಡಿ, "ಎಡಗೈ ನೀ ಬಾರಸು," ಅಂದ. ಮುತ್ಯಾನ ಬಲಗೈ, ನನ್ನ ಎಡಗೈ. ತಾಳ ನಾಲ್ಕು ಸಲ ತಪ್ಪಿಸಿದೆ. ಐದನೇ ಸಲ ಕೂಡಿತು.

ಈ ರಜೆಗೆ ಮತ್ತೆ ಊರಿಗೆ ಹೋಗ್ತೀನಿ. ಹಗ್ಗ ನೋಡೋಕೆ ಹುಕ್ಕೇರಿ ಕಾಕಾ ಬರ್ತಾರಂತೆ. ಆ ದಿನ ಚಹಾ ನಾನು ಮಾಡೋದು, ಕಪ್ಪು ಬಸಿ ನಾನೇ ತರೋದು ಅಂತ ಅವ್ವನಿಗೆ ಫೋನಿನಲ್ಲಿ ಹೇಳಿದ್ದೀನಿ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾ ಮೊದಲ," ಅಂದಳು.